ಸೋಪು ಒಣಗಿತೋ ಇಲ್ಲವೋ, ತಕ್ಕಡಿಯನ್ನು ಕೇಳಿ

ಮನೆಯಲ್ಲೇ ಮಾಡಿದ ಸೋಪನ್ನು ಅಚ್ಚಿನಿಂದ ತೆಗೆದು ಕತ್ತರಿಸಿದ ವಾರಕ್ಕೇ ಒಂದು ಬಿಲ್ಲೆಯನ್ನು ಬಚ್ಚಲಿಗೆ ತಂದಿಟ್ಟಿದ್ದೆ. ಕೈ ಉರಿಯಲಿಲ್ಲ, ನೊರೆಯೂ ಒಂದಿಷ್ಟು ಬಂತು. ಆದರೆ ನಾಲ್ಕೇ ದಿನಕ್ಕೆ ಅಡಿಯಲ್ಲಿ ಲೋಳೆ ಕಟ್ಟಿ ಅರ್ಧ ಕರಗಿ ಹೋಯಿತು. ಜೊತೆಗೆ ಕತ್ತರಿಸಿದ ಇನ್ನೊಂದು ಬಿಲ್ಲೆಯನ್ನು ಆರು ವಾರ ಬಿಟ್ಟು ಬಳಸಿದರೆ, ಅದು ಬೇರೆಯೇ ಸೋಪು ಅನ್ನುವಷ್ಟು ಗಟ್ಟಿ.

ಇಷ್ಟು ದಿನ ಕಾಯುವುದು ಕಾಸ್ಟಿಕ್ ಸೋಡಾದ ಖಾರ ಇಳಿಯಲಿ ಅಂತ, ಎಂದೇ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಕುದಿಸದೆ ಮಾಡುವ ಸೋಪಿನಲ್ಲಿ ಸೋಡಾ ಮತ್ತು ಎಣ್ಣೆ ಸೇರಿ ಸೋಪಾಗುವ ಕೆಲಸ ಒಂದೆರಡು ದಿನದಲ್ಲೇ ಬಹುಪಾಲು ಮುಗಿದಿರುತ್ತದೆ. ಉಳಿಯುವುದು ಸೋಡಾ ಕರಗಿಸಲು ಹಾಕಿದ ನೀರು. ಅದು ನಿಧಾನವಾಗಿ ಆರುತ್ತಾ ಹೋದ ಹಾಗೆ ಒಳಗಿನ ಹರಳುಗಳು ಬಿಗಿಯಾಗುತ್ತವೆ, ಬಿಲ್ಲೆ ಗಟ್ಟಿಯಾಗುತ್ತದೆ, ನೊರೆಯೂ ಚೆನ್ನಾಗುತ್ತದೆ. ಬಿಸಿ ಮಾಡಿ ಬೇಯಿಸಿದ ಸೋಪನ್ನೂ ಕೆಲವು ವಾರ ಬಿಡಬೇಕು ಅನ್ನುವುದು ಇದಕ್ಕೇ. ಇನ್ನು ಅಳತೆ ತಪ್ಪಿ ಸೋಡಾ ಜಾಸ್ತಿ ಬಿದ್ದಿದ್ದರೆ, ತಿಂಗಳುಗಟ್ಟಲೆ ಇಟ್ಟರೆ ಸರಿಹೋಗುತ್ತದೆ ಅಂತ ದಯವಿಟ್ಟು ನಂಬಬೇಡಿ.

ಸಾಮಾನ್ಯವಾಗಿ 4ರಿಂದ 6 ವಾರ ಅನ್ನುತ್ತಾರೆ. ನಾನು ಲೆಕ್ಕಕ್ಕಿಂತ ತೂಕವನ್ನು ನಂಬುತ್ತೇನೆ. ಪ್ರತಿ ಸಲ ಒಂದು ಬಿಲ್ಲೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡುತ್ತೇನೆ. ಕಳೆದ ಸಲ ಕತ್ತರಿಸಿದ ದಿನ 120 ಗ್ರಾಂ ಇತ್ತು, ಮೊದಲೆರಡು ವಾರ ಬೇಗ ಬೇಗ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ 105ಕ್ಕೆ ಬಂದು ನಿಂತಿತು. ಎರಡು ವಾರ ತೂಕ ಬದಲಾಗದಿದ್ದರೆ ಬಳಸಲು ತೆಗೆಯಬಹುದು. ಬರೀ ಆಲಿವ್ ಎಣ್ಣೆಯ ಸೋಪಿಗೆ ಮಾತ್ರ ಈ ಲೆಕ್ಕ ಸಾಲದು, ಅದಕ್ಕೆ ಆರು ತಿಂಗಳಾದರೂ ಕೊಡಿ, ವರ್ಷ ಬಿಟ್ಟರೆ ಇನ್ನೂ ಒಳ್ಳೆಯದು.

ಬಿಸಿಲಿಗೆ ಇಡಬೇಡಿ, ಗಾಳಿ ಆಡುವ ನೆರಳು ಸಾಕು. ಬಿಲ್ಲೆಗಳ ನಡುವೆ ಒಂದು ಬೆರಳಷ್ಟು ಜಾಗ ಬಿಟ್ಟು, ಆಗಾಗ ಮಗುಚಿ ಹಾಕುತ್ತಿರಿ. ಅಲ್ಯೂಮಿನಿಯಂ ತಟ್ಟೆ ಬೇಡವೇ ಬೇಡ, ಸೋಡಾ ಅದನ್ನು ತಿನ್ನುತ್ತದೆ. ತುಕ್ಕು ಹಿಡಿಯುವ ಕಬ್ಬಿಣದ ಜಾಲರಿಯೂ ಬೇಡ, ಅದು ತಾಗಿದ ಜಾಗದಲ್ಲಿ ಎಣ್ಣೆ ಬೇಗ ಕೆಟ್ಟು ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ. ಆ ಕಮಟು ವಾಸನೆ ಬಂದರೆ ಮತ್ತೆ ಹೋಗುವುದಿಲ್ಲ. ಮೇಲೆ ಕಾಣುವ ಬಿಳಿ ಪುಡಿಗೆ ಹೆದರಬೇಕಿಲ್ಲ. ಅದು ಮೇಲ್ಮೈಯ ಸೋಡಾ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ತೇವದ ಹವೆಯಲ್ಲಿ ಸೋಪು ಬೆವರಿದ ಹಾಗೆ ಹನಿಗಟ್ಟುತ್ತದೆ, ನೋಡಿದ್ದೀರಲ್ವಾ? ಸೋಪಿನಲ್ಲೇ ಇರುವ ಗ್ಲಿಸರಿನ್ ಗಾಳಿಯಿಂದ ನೀರು ಎಳೆದುಕೊಳ್ಳುವುದರಿಂದ ಹಾಗಾಗುತ್ತದೆ. ಅಂಥ ದಿನಗಳಲ್ಲಿ ತಕ್ಕಡಿಯೂ ಒಂದೆರಡು ಗ್ರಾಂ ಜಾಸ್ತಿ ತೋರಿಸಬಹುದು. ಫ್ಯಾನ್ ಹಾಕಿ ಇನ್ನೊಂದು ವಾರ ಬಿಟ್ಟು ಮತ್ತೆ ತೂಗಿ.