ಕಂಡಿಕೆ ಲೆಕ್ಕ

ನಮ್ಮ ಇತಿಹಾಸದ ಮೇಡಂಗೆ ತಾರೀಖು ಬಾಯಿಪಾಠ ಒಪ್ಪಿಸಿದರೆ ಸಾಕಾಗುತ್ತಿರಲಿಲ್ಲ. 1934ರಲ್ಲಿ ಮುಂಬೈ ಸರ್ಕಾರ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಮಾಡಿತು, ಬಾಗಲಕೋಟೆ ಕಡೆಯೆಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿತ್ತು ಅಂತ ನಾನು ಒಂದೇ ಉಸಿರಿಗೆ ಹೇಳಿದೆ. "ಹಂಗಾದ್ರ 1982ರಾಗ ಮತ್ತೊಂದು ಕಾನೂನು ಯಾಕ ಬೇಕಾತು?" ಅಂದರು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಅದೇ ಪ್ರಶ್ನೆ ಹಿಡಿದು ಅವರು ಎಷ್ಟೋ ವರ್ಷ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೂ ಮುಂಬೈ ದಫ್ತರಗಳಿಗೂ ಅಲೆದವರು ಅಂತ ಆಮೇಲೆ ಗೊತ್ತಾಯಿತು.

ಹೆಂಗಸರ ದುಡಿಮೆ ಅವರ ಇನ್ನೊಂದು ಹುಚ್ಚು. 1891ರ ಫ್ಯಾಕ್ಟರಿ ಕಾಯ್ದೆಯ ಪಾಠ ನಡೆದಿತ್ತು. ಹೆಂಗಸರಿಂದ ದಿನಕ್ಕೆ 11 ತಾಸಿಗಿಂತ ಜಾಸ್ತಿ ದುಡಿಸಬಾರದು ಅಂತ ಅದರಲ್ಲಿತ್ತು. ಗೋಕಾಕ ಫಾಲ್ಸಿನ ಗಿರಣಿ ಶುರುವಾಗಿ ಆಗ ನಾಲ್ಕೇ ವರ್ಷ. "ಗಿರಣಿಗೆ ಕಾಯ್ದೆ ಬಂತು. ಇಳಕಲ್ಲಿನ ಮನೀಗೆ ಬಂತೇನು?" ಅಂತ ನನ್ನ ಕಡೆ ತಿರುಗಿದರು. ನಾನು ಅಲ್ಲಿನ ನೇಕಾರರ ಮನೆಯವಳು ಅಲ್ವಾ!

ಮುಂದಿನ ರವಿವಾರ ಬಸ್ ಹತ್ತಿ ಮನೆಗೇ ಬಂದರು. ಅಪ್ಪ ಮಗ್ಗದಲ್ಲಿದ್ದ. ಅವ್ವ ಬಾಗಿಲ ಹತ್ತಿರ ಕೂತು ಕಂಡಿಕೆ, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುತ್ತಿದ್ದಳು. ಬಲಗೈಯಲ್ಲಿ ರಾಟಿ, ಎಡಗೈ ಬೆರಳ ಸಂದಿಯಲ್ಲಿ ಕೆಂಪು ನೂಲು.

"ನೀವೇನು ಕೆಲಸ ಮಾಡ್ತೀರಿ?"

"ನಂದೇನ್ ಕೆಲಸರೀ ಅಕ್ಕೋರ, ಸುಮ್ನ ಮನ್ಯಾಗ ಇರತೇನಿ." ಹಾಗಂದಳೇ ಹೊರತು ಕೈ ನಿಲ್ಲಲಿಲ್ಲ.

ನನಗೆ ನಗು ಬಂತು. ಮೇಡಂ ನಗಲಿಲ್ಲ. ಆ ಮಾತನ್ನು ಹಾಗೇ ಬರೆದುಕೊಂಡರು. ಎಷ್ಟು ಹೊತ್ತಿಗೆ ಏಳ್ತೀರಿ, ಒಂದು ಸೀರೆಗೆ ಎಷ್ಟು ಕಂಡಿಕೆ ಬೇಕು, ರೊಟ್ಟಿ ಬಡಿಯೋದು ಯಾವಾಗ ಅಂತ ಒಂದೊಂದೇ ಕೇಳಿದರು. ನಡುವೆ ಹನ್ನೆರಡನೆಯ ಶತಮಾನದ ವಚನಕಾರ್ತಿ ಕದಿರ ರೆಮ್ಮವ್ವೆಯ ಮಾತು ಬಂತು. ನೂಲುವ ಆ ಹೆಣ್ಣುಮಗಳು ತನ್ನ ರಾಟೆಯ ಅಡಿಹಲಗೆಯನ್ನೇ ಬ್ರಹ್ಮ ಅಂದಿದ್ದಾಳೆ ಅಂತ ಹೇಳಿದರು. ಅವ್ವನಿಗೆ ಅದು ಭಾಳ ಹಿಡಿಸಿತು. ಮುಂದೆ ಹಲಗೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಏನೋ ನೆನಪಾಯಿತು. "ಉಂಡ ಮ್ಯಾಲ ಸುತ್ತೋ ಕಂಡಿಕಿ ಹೇಳೋದ ಮರತೆ ನೋಡು. ಅಕ್ಕೋರಿಗೆ ಹೇಳು."

ಮರುದಿನ ಸ್ಟಾಫ್ ರೂಮಿಗೆ ಹೋಗಿ ಹೇಳಿದೆ. ಮೇಡಂ ನೋಟ್‌ಬುಕ್ ತೆಗೆದರು. ಅವ್ವನ ಹೆಸರಿನ ಮುಂದೆ 9 ತಾಸು ಅಂತಿತ್ತು. ಅದನ್ನು ಹೊಡೆದು 13 ಅಂತ ಬರೆದರು.