ಗಣಿತ ಸೂತ್ರಗಳ ಮಾದರಿಗಳು: ಎರಡು ಮುಗಿದಿವೆ, ಮೂರನೆಯದು ಅರ್ಧಕ್ಕೆ ಬಂದಿದೆ

ವರ್ಗಗಳ ಮೊತ್ತ: ಮುಗಿದಿದೆ. 2 ಸೆಂ.ಮೀ.ಯ ಮರದ ಘನಗಳು 180 ಬೇಕಾದವು. 4×4, 3×3, 2×2, ಕೊನೆಗೆ ಒಂದೇ ಘನ, ಹೀಗೆ ಪದರದ ಮೇಲೆ ಪದರ ಅಂಟಿಸಿದರೆ 30 ಘನಗಳ ಮೆಟ್ಟಿಲು ಗೋಪುರ. ಅಂಥವು ಆರು. ಪದರಗಳೆಲ್ಲ ಒಂದೇ ಮೂಲೆಗೆ ಒತ್ತಿಕೊಂಡಿರಬೇಕು. ನಡುವೆ ಕೂರಿಸಿದರೆ ಗೋಪುರಗಳು ಹೆಣೆದುಕೊಳ್ಳುವುದಿಲ್ಲ. ಘನ 0.3 ಮಿ.ಮೀ. ದಪ್ಪಗಿದ್ದರೂ ಒಂಬತ್ತರ ಸಾಲಿನಲ್ಲಿ ಅದು 2.7 ಮಿ.ಮೀ. ಆಗುತ್ತದೆ. ಆದ್ದರಿಂದ ಮೊದಲು ಕ್ಯಾಲಿಪರ್‌ನಿಂದ ಅಳತೆ, ಆಮೇಲೆ ಫೆವಿಕಾಲ್.

ಮೂರು ಗೋಪುರ ಸೇರಿದರೆ 4×4×5ರ ಇಟ್ಟಿಗೆ, ಅದರ 4×5 ಮುಖದ ಮೇಲೆ 10 ಘನಗಳ ಮೆಟ್ಟಿಲು. ಉಳಿದ ಮೂರನ್ನೂ ಹಾಗೆಯೇ ಜೋಡಿಸಿ ಬೋರಲು ಹಾಕಿದರೆ ಕೂಡುವುದಿಲ್ಲ, ಎತ್ತ ತಿರುಗಿಸಿದರೂ ಅಷ್ಟೆ. ಎರಡನೆಯ ಜೋಡಣೆ ಮೊದಲನೆಯದರ ಕನ್ನಡಿ ಬಿಂಬವಾಗಿರಬೇಕು. ಬಿಡಿ ಗೋಪುರಕ್ಕೆ ಎಡಬಲದ ಭೇದವಿಲ್ಲ, ಹಾಗಾಗಿ ಹೊಸದೇನೂ ಅಂಟಿಸಬೇಕಿಲ್ಲ. ಆಗ ಸಿಗುವುದು 4×5×9 = 180; ಆರರಿಂದ ಭಾಗಿಸಿದರೆ 1+4+9+16. ಒಂದು ಸಂಖ್ಯೆ, ಅದರ ಮುಂದಿನದು, ಅವೆರಡರ ಮೊತ್ತ: ಮೂರನ್ನೂ ಗುಣಿಸಿ ಆರರಿಂದ ಭಾಗಿಸುವ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿಗಳೂ ಆರ್ಯಭಟೀಯದ ಭಾಷ್ಯದಲ್ಲಿ ಇಂಥ ಮೊತ್ತಗಳನ್ನು ಆಕೃತಿಗಳಿಂದಲೇ ಸಾಧಿಸಿದ್ದಾರೆ.

ಗುಣೋತ್ತರ ಶ್ರೇಢಿ: ಸುಲಭ. 32 ಸೆಂ.ಮೀ. ಬಾಹುವಿನ ಚೌಕ ರಟ್ಟನ್ನು ನಾಲ್ಕು ಭಾಗ ಮಾಡಿ ಮೂರಕ್ಕೆ ಮೂರು ಬಣ್ಣ. ಉಳಿದ ನಾಲ್ಕನೆಯದಕ್ಕೂ ಹಾಗೆಯೇ. ಐದು ಸುತ್ತಿಗೆ ಒಂದೊಂದು ಬಣ್ಣದ ಪಾಲು 256+64+16+4+1 = 341 ಚದರ ಸೆಂ.ಮೀ., ಉಳಿಯುವುದು ಒಂದೇ ಚದರ ಸೆಂ.ಮೀ. ಕಾಲು, ಕಾಲಿನ ಕಾಲು, ಹೀಗೆ ಕೂಡುತ್ತ ಹೋದ ಮೊತ್ತ ಮೂರನೇ ಒಂದಕ್ಕೆ ಏಕೆ ಹೋಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮುರಿದ ಕೋಲು: ನಡೆಯುತ್ತಿದೆ. ಕೋಲನ್ನು ಮನಬಂದಂತೆ ಎರಡು ಕಡೆ ಕತ್ತರಿಸಿದರೆ ತುಂಡುಗಳಿಂದ ತ್ರಿಭುಜವಾಗುವ ಸಂಭವನೀಯತೆ 1/4. ಪ್ಲೈವುಡ್ ಮೇಲೆ 40 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜ ಗೀಚಿದೆ, ಎತ್ತರ 34.64 ಸೆಂ.ಮೀ., ಕೋಲಿನ ಉದ್ದವೂ ಅದೇ. ಒಳಗಿನ ಯಾವ ಬಿಂದುವಿನಿಂದ ಮೂರು ಬಾಹುಗಳಿಗೆ ಲಂಬ ಎಳೆದರೂ ಅವುಗಳ ಮೊತ್ತ ಎತ್ತರದಷ್ಟೇ, ಅಂದರೆ ಲಂಬಗಳೇ ತುಂಡುಗಳು. ಯಾವ ತುಂಡೂ ಕೋಲಿನ ಅರ್ಧವನ್ನು ಮೀರದಿದ್ದರೆ ಮಾತ್ರ ತುಂಡುಗಳಿಂದ ತ್ರಿಭುಜವಾಗುತ್ತದೆ; ಅಂಥ ಬಿಂದುಗಳು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದ ನಡುವಿನ ತ್ರಿಭುಜದಲ್ಲಿವೆ, ಅದು ಇಡೀ ತ್ರಿಭುಜದ ಕಾಲುಭಾಗ.

ಎರಡು ಕಡಿತಗಳನ್ನೂ ಇಡೀ ಕೋಲಿನ ಮೇಲೆ ಆರಿಸಬೇಕು. ಮೊದಲು ಮುರಿದು, ಆಮೇಲೆ ಉದ್ದನೆಯ ತುಂಡನ್ನೇ ಮುರಿದರೆ ಉತ್ತರ 0.386, ಎರಡರಲ್ಲಿ ಒಂದನ್ನು ನಾಣ್ಯ ಚಿಮ್ಮಿ ಆರಿಸಿದರೆ 0.193. ಒಂದೊಂದು ಮುರಿತಕ್ಕೂ ಅದರ ಬಿಂದುವಿನಲ್ಲಿ ಒಂದು ಗುಂಡುಪಿನ್ನು ಚುಚ್ಚಬೇಕು. 200 ಪಿನ್ನುಗಳ ಯೋಜನೆ ಸಾಲದು: ನಡುವಿನ ತ್ರಿಭುಜದಲ್ಲಿ 50 ಬೀಳಬೇಕಾದಲ್ಲಿ ಮಾನಕ ವಿಚಲನೆಯೇ (ಆಕಸ್ಮಿಕ ಏರಿಳಿತದ ಅಳತೆ) 6, ನಾಣ್ಯದ ತಪ್ಪು ವಿಧಾನವೂ 39 ಕೊಡುತ್ತದೆ. 600 ಚುಚ್ಚಿದರೆ 150 ಮತ್ತು 116. ವಿಚಲನೆ ಸುಮಾರು 11. ಪಿನ್ನು ತರಿಸಬೇಕು.