ಚೈನಾ ಕ್ಯಾಂಪ್‌ಗೆ ಹೊರಡುವ ಮುಂಚೆ ಉಬ್ಬರದ ಸಮಯ ನೋಡಿಕೊಳ್ಳಿ

ಚೈನಾ ಕ್ಯಾಂಪ್ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಸರ್ಕಾರಿ ಪಾರ್ಕ್, ಅದರೊಳಗೆ ಚೀನೀ ಮೀನುಗಾರರ ಹಳೇ ಹಳ್ಳಿಯೊಂದಿದೆ. 101 ಹೆದ್ದಾರಿ ಬಿಟ್ಟು ನಾರ್ತ್ ಸ್ಯಾನ್ ಪೆಡ್ರೋ ರಸ್ತೆ ಹಿಡಿದು ಹೋಗುತ್ತಿದ್ದೆವು. ಜೌಗು ಶುರುವಾದಲ್ಲಿ ಮುಂದೆ ಟಾರೇ ಕಾಣಲಿಲ್ಲ, ಬರೀ ನೀರು. ಮಳೆ ಇಲ್ಲ, ಮೋಡ ಇಲ್ಲ. ಉಬ್ಬರಕ್ಕೆ ಕೊಲ್ಲಿಯ ನೀರು ರಸ್ತೆ ಹತ್ತಿ ಕೂತಿತ್ತು! ಚಳಿಗಾಲದ ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ಇದು ಮಾಮೂಲಿಯಂತೆ. ಉಪ್ಪುನೀರಿಗೆ ಕಾರು ಇಳಿಸಬೇಡಿ. ವಾಪಸ್ ಹೋಗಿ ಸ್ಯಾನ್ ರಫೇಲ್ ಊರೊಳಗಿಂದ ಪಾಯಿಂಟ್ ಸ್ಯಾನ್ ಪೆಡ್ರೋ ರಸ್ತೆಯಲ್ಲಿ ಬನ್ನಿ. ನಾವೂ ಹಾಗೇ ಸುತ್ತು ಹಾಕಿದೆವು.

ಕೊಲ್ಲಿಯ ಪೂರ್ವ ದಡದ ಫ್ರೀಮಾಂಟ್ ಕಡೆಯವರಿಗೆ ಕೊಲ್ಲಿ ದಾಟಲು ರಿಚ್ಮಂಡ್ ಸೇತುವೆ ಹತ್ತಿರ. ಹೋಗುವಾಗ ಟೋಲ್ ಇದೆ, ಬರುವಾಗ ಇಲ್ಲ.

ಹಳ್ಳಿ ಅಂದರೆ ಈಗ ಉಳಿದಿರುವುದು ಕೆಲವೇ ಮರದ ಕಟ್ಟಡಗಳು, ಒಂದು ಜೆಟ್ಟಿ, ಚಿಕ್ಕ ಮ್ಯೂಸಿಯಂ. ಹತ್ತೇ ನಿಮಿಷದಲ್ಲಿ ನೋಡಿ ಮುಗಿಸಬಹುದು, ಆದರೆ ಮುಗಿಸಬೇಡಿ. 1880ರ ದಶಕದಲ್ಲಿ ಇಲ್ಲಿ ಸುಮಾರು 500 ಜನ ಇದ್ದರು, ಹೆಚ್ಚಿನವರು ಚೀನಾದ ಕ್ಯಾಂಟನ್ ಸೀಮೆಯಿಂದ ಬಂದವರು. ಕಸುಬು ಸಿಗಡಿ ಹಿಡಿಯುವುದು. ನಮ್ಮ ಕುಂದಾಪುರದ ಕಡೆ ಚಟ್ಲಿ ಅಂತೀವಲ್ಲ, ಅದೇ. ಚೀಲದಂಥ ಬಲೆಯ ಬಾಯಿಯನ್ನು ನೀರು ಹರಿದು ಬರುವ ಕಡೆಗೆ ಬಿಟ್ಟು ಕಟ್ಟಿದರೆ ಸಾಕು, ಉಬ್ಬರ ಇಳಿತಗಳೇ ಚಟ್ಲಿಯನ್ನು ಒಳಗೆ ತಳ್ಳುತ್ತಿದ್ದವು. ಆಮೇಲೆ ಉಪ್ಪುನೀರಲ್ಲಿ ಬೇಯಿಸಿ ಗುಡ್ಡದ ಮೇಲೆ ಬಿಸಿಲಿಗೆ ಹರಡುವುದು.

ಮ್ಯೂಸಿಯಂನಲ್ಲಿ ಸಿಪ್ಪೆ ತೂರುವ ಮರದ ಯಂತ್ರ ಇದೆ, ಅದರ ಮುಂದೆ ಸ್ವಲ್ಪ ನಿಲ್ಲಿ. ಒಣಗಿದ್ದನ್ನು ಪುಡಿಗುಟ್ಟಿ ಅದಕ್ಕೆ ಸುರಿದರೆ ಗಾಳಿಗೆ ಸಿಪ್ಪೆ ಬೇರೆ, ತಿರುಳು ಬೇರೆ. ನಮ್ಮಮ್ಮ ಅಂಗಳದಲ್ಲಿ ಗೆರ್ಸಿಯಲ್ಲಿ ಒಣ ಚಟ್ಲಿ ಕೇರುತ್ತಿದ್ದದ್ದು ಸೀದಾ ಕಣ್ಣ ಮುಂದೆ ಬಂತು. ಸರಕಿನಲ್ಲಿ ಹೆಚ್ಚಿನ ಪಾಲು ಚೀನಾಕ್ಕೆ ಹೋಗುತ್ತಿತ್ತು.

ಅಷ್ಟು ಜನ ಏನಾದರು? ಒಬ್ಬೊಬ್ಬರಾಗಿ ಸುಮ್ನೆ ಎದ್ದು ಹೋದವರಲ್ಲ. 1882ರ ಕಾನೂನು ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನೇ ತಡೆಯಿತು. 1905ರಲ್ಲಿ ಒಣ ಸಿಗಡಿ ರಫ್ತಿಗೆ ನಿಷೇಧ. 1911ರಲ್ಲಿ ಆ ಚೀಲದ ಬಲೆಗೇ ನಿಷೇಧ. ಇಷ್ಟಾದರೂ ಇಲ್ಲೇ ಸಿಗಡಿ ಹಿಡಿಯುತ್ತಿದ್ದ ಕ್ವಾನ್ ಮನೆತನ ಕದಲಲಿಲ್ಲ. ಜಾಗ ಸರ್ಕಾರಿ ಪಾರ್ಕ್ ಆದ ಮೇಲೂ ಫ್ರಾಂಕ್ ಕ್ವಾನ್ ಅಲ್ಲೇ ಇದ್ದರು. ಹಳ್ಳಿಯ ಕೊನೆಯ ನಿವಾಸಿ ಅವರೇ, 2016ರಲ್ಲಿ ತೀರಿಕೊಂಡರು. 2012ರಲ್ಲಿ ದುಡ್ಡಿಲ್ಲದೆ ಪಾರ್ಕ್ ಮುಚ್ಚುವ ಹಂತಕ್ಕೆ ಬಂದಾಗ ಉಳಿಸಿಕೊಂಡದ್ದು ‘ಫ್ರೆಂಡ್ಸ್ ಆಫ್ ಚೈನಾ ಕ್ಯಾಂಪ್’ ಎಂಬ ಸ್ಥಳೀಯರ ಸಂಘ. ಪಾರ್ಕಿಂಗ್ ದುಡ್ಡು ಕೊಡುವಾಗ ಗೊಣಗಬೇಡಿ.

ಊಟ ಮನೆಯಿಂದಲೇ ಒಯ್ಯಿರಿ. ಅಲ್ಲಿನ ಪುಟ್ಟ ಕೆಫೆ ವಾರದ ದಿನ ತೆರೆದಿರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನಾವು ಬೀಚ್ ಪಕ್ಕದ ಮೇಜಿನ ಮೇಲೆ ಚಿತ್ರಾನ್ನ ಬಿಚ್ಚಿದೆವು, ಸೀಗಲ್‌ಗಳಿಗೂ ಇಷ್ಟ ಆದ ಹಾಗಿತ್ತು. ನಡೆಯುವವರಿಗೆ ನೀರಿನ ಅಂಚಿನ ಶೋರ್‌ಲೈನ್ ಟ್ರೇಲ್ ಸಲೀಸು, ಆದರೆ ಸೈಕಲ್ ಜಾಸ್ತಿ, ಮಕ್ಕಳ ಕೈ ಬಿಡಬೇಡಿ. ಮೂರು ಮೂರು ಎಲೆಯ ಪಾಯ್ಸನ್ ಓಕ್ ದಾರಿ ಪಕ್ಕದಲ್ಲೇ ಇರುತ್ತದೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಇಳಿತದ ಹೊತ್ತಿಗೆ ಕೆಸರು ಬಹಳ ದೂರದ ತನಕ ತೆರೆದುಕೊಳ್ಳುತ್ತದೆ, ಹಕ್ಕಿ ನೋಡಲು ಒಳ್ಳೆಯ ಸಮಯ ಅದೇ. ಮೇಲಿಂದ ಗಟ್ಟಿಯಾಗಿ ಕಾಣುತ್ತೆ ಅಂತ ಇಳಿದ ಮಗಳ ಒಂದು ಶೂ ಒಳಗೇ ಉಳಿಯಿತು. ಡಿಕ್ಕಿಯಲ್ಲಿ ಹಳೇ ಟವೆಲ್ಲು, ಇನ್ನೊಂದು ಜೊತೆ ಚಪ್ಪಲಿ ಇರಲಿ.